ಸಕ್ಕರೆಯ ಸರಪಳಿಯೂ ದೇಹರಕ್ಷಕ ಕೋಶಗಳೂ

ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಬೇಡ್ತಿ ನದಿಯು ಜಲಪಾತವಾಗಿ ಧುಮುಕುತ್ತದೆ. ಈ ಸೀಮೆಯ ಗದ್ದೆಗಳಲ್ಲಿ ಬತ್ತವನ್ನೂ ಕಾಡುಗಳಲ್ಲಿ ಬಿದಿರು, ಅಮೃತಬಳ್ಳಿಗಳನ್ನೂ ನಾವು ಕಾಣುತ್ತೇವೆ.

ಅಕ್ಕಿಯ ಪಿಷ್ಟವೂ ಬಿದಿರಿನ ಸೆಲ್ಯುಲೋಸೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯಿಂದಾದವು. ಆದರೂ ಅಕ್ಕಿಯನ್ನು ಅರಗಿಸಿಕೊಳ್ಳುವ ನಾವು ಬಿದಿರಿನ ನಾರನ್ನು ಅರಗಿಸಲಾರೆವು. ಕಾರಣವೇನು? ಪಿಷ್ಟದಲ್ಲಿ ಸಕ್ಕರೆಯ ಅಣುಗಳು ಆಲ್ಫಾ ಬಂಧದಿಂದಲೂ ಸೆಲ್ಯುಲೋಸಿನಲ್ಲಿ ಬೀಟಾ ಬಂಧದಿಂದಲೂ ಕೂಡಿವೆ. ಇಂತಹ ಉದ್ದ ಸರಪಳಿಗಳಿಗೆ ಪಾಲಿಸ್ಯಾಕರೈಡುಗಳೆಂದು ಹೆಸರು.

ಜೀರ್ಣರಸಗಳಂತೆ ದೇಹರಕ್ಷಕ ಕೋಶಗಳೂ ಈ ಬಂಧಭೇದವನ್ನು ಬಲ್ಲವು. ರೋಗಾಣುಗಳನ್ನು ನುಂಗುವ ಭಕ್ಷಕಕೋಶದ ಮೈಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಅವುಗಳಲ್ಲಿ ಡೆಕ್ಟಿನ್-1 ಎಂಬುದು ಬೀಟಾ-1,3 ಬಂಧದ ಗ್ಲೂಕೋಸ್ ಸರಪಳಿಯನ್ನು ಹಿಡಿಯುವುದೆಂದು 2001ರಲ್ಲಿ ತಿಳಿದುಬಂದಿತು. ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಅಂತಹ ಸರಪಳಿಯಿರುವುದರಿಂದ ಭಕ್ಷಕಕೋಶಕ್ಕೆ ಅದು ಶತ್ರುವಿನ ಗುರುತು. ಪಿಷ್ಟವನ್ನಾದರೋ ಈ ಗ್ರಾಹಕವು ಹಿಡಿಯದು.

ಅಮೃತಬಳ್ಳಿಯ ಕಾಂಡದಲ್ಲಿ ಅರಾಬಿನೋಸ್, ಗ್ಯಾಲಕ್ಟೋಸ್ ಎಂಬ ಸಕ್ಕರೆಗಳು ಹೆಣೆದುಕೊಂಡ ಪಾಲಿಸ್ಯಾಕರೈಡ್ ಇದೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಪ್ರಯೋಗಿಸಿದಾಗ ಭಕ್ಷಕಕೋಶಗಳು ಚುರುಕಾದುವು. ಕೆಲವು ಬ್ಯಾಕ್ಟೀರಿಯಗಳ ಹೊರಪೊರೆಯನ್ನು ಗುರುತಿಸುವ ಟಿ.ಎಲ್.ಆರ್.-4 ಎಂಬ ಗ್ರಾಹಕವೇ ಇಲ್ಲಿಯೂ ಸ್ಪಂದಿಸಿತು.

ಹಾಗೆಂದು ಅಮೃತಬಳ್ಳಿಯ ಕಷಾಯವನ್ನು ಕುಡಿದಷ್ಟೂ ಲೇಸೆಂದು ಬಗೆಯಬಾರದು. ಪ್ರಯೋಗಶಾಲೆಯಲ್ಲಿ ಕೋಶವು ಚುರುಕಾಗುವುದು ಒಂದು ಮಾತು. ರೋಗಿಯು ಗುಣಹೊಂದುವುದು ಬೇರೊಂದು ಮಾತು. ಈ ಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ, ದೇಹದ ರಕ್ಷಣಾವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬಿದ್ದಂತಹ ಲಕ್ಷಣಗಳು ಕಂಡುವೆಂದು 2021ರಲ್ಲಿ ಮುಂಬಯಿಯ ವೈದ್ಯರು ವರದಿಮಾಡಿದರು. ಕಾವಲುಗಾರನನ್ನು ಎಚ್ಚರಿಸಬೇಕು, ನಿಜ; ಅವನ ಕೋಲು ಮನೆಯವರ ಮೇಲೆಯೇ ಬೀಳದಂತೆಯೂ ನಾವು ನೋಡಿಕೊಳ್ಳಬೇಕು.