ಎರಡು ಹತ್ತರ ಬಸ್ಸು

ಶಿಫ್ಟ್ ಮುಗಿಯುವುದು ಮಧ್ಯಾಹ್ನ ಎರಡಕ್ಕೆ. ಕಾರ್ಖಾನೆಯ ಬಸ್ಸು ಹೊರಡುವುದು ಎರಡು ಹತ್ತಕ್ಕೆ. ಬ್ಯಾಟರಿ ಪ್ಲೇಟುಗಳಿಗೆ ಸೀಸದ ಪೇಸ್ಟ್ ಮೆತ್ತುವ ವಿಭಾಗದವರು ಕೈಗೆ ಒಂದಿಷ್ಟು ನೀರು ಹಾಕಿಕೊಂಡು, ಕೆಲಸದ ಅಂಗಿಯಲ್ಲೇ ಬಸ್ಸಿಗೆ ಓಡುತ್ತಿದ್ದರು. ಸ್ನಾನದ ಕೋಣೆ ಇತ್ತು, ಬಿಸಿನೀರೂ ಬರುತ್ತಿತ್ತು. ಅಲ್ಲಿ ಸುರಕ್ಷತಾ ಮೇಲ್ವಿಚಾರಕನಾಗಿದ್ದ ನಾನು ತಪಾಸಣೆಗೆ ಬಂದವರಿಗೆ ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆ. ಅದರ ನೆಲ ಸದಾ ಒಣಗಿರುವುದೇಕೆ ಎಂಬುದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಒಬ್ಬ ಕಾರ್ಮಿಕರ ನಾಲ್ಕು ವರ್ಷದ ಮಗಳ ರಕ್ತದಲ್ಲಿ ಸೀಸವಿದೆ ಎಂಬ ವರದಿ ಬಂದಾಗ.

ಮಗು ಕಾರ್ಖಾನೆಯ ಗೇಟನ್ನೂ ನೋಡಿರಲಿಲ್ಲ. ಆದರೆ ಅಪ್ಪ ಬಂದ ಕೂಡಲೇ ಓಡಿಬಂದು ಕಾಲು ತಬ್ಬುತ್ತಿತ್ತು. ಅಪ್ಪನ ಅಂಗಿ, ಮಗುವಿನ ಲಂಗ ಒಂದೇ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ನುಂಗಿದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮೂಳೆಗಿಳಿದದ್ದು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷದ ಬಗ್ಗೆ ವರ್ಷಗಳಿಂದ ಎಚ್ಚರಿಸುತ್ತಲೇ ಇದ್ದರು. ನಮ್ಮ ಗಮನವೆಲ್ಲ ಮಾಸ್ಕಿನ ಮೇಲಿತ್ತು.

1948ರ ಕಾರ್ಖಾನೆ ಕಾಯ್ದೆಯ 42ನೇ ಕಲಮು ತೊಳೆದುಕೊಳ್ಳಲು ತಕ್ಕ ಸೌಕರ್ಯ ಇರಬೇಕೆನ್ನುತ್ತಿತ್ತು. ಅಮೆರಿಕದ 1978ರ ಸೀಸ ನಿಯಮ ಇನ್ನಷ್ಟು ಬಿಡಿಸಿ ಹೇಳುತ್ತದೆ: ಸೀಸದ ಪ್ರಮಾಣ ಮಿತಿ ಮೀರಿದ ಕಡೆ ಮನೆಯ ಬಟ್ಟೆಗೂ ಕೆಲಸದ ಬಟ್ಟೆಗೂ ಬೇರೆ ಬೇರೆ ಜಾಗ ಇರಬೇಕು, ಶಿಫ್ಟಿನ ಕೊನೆಗೆ ಸ್ನಾನ ಆಗಬೇಕು, ಕೆಲಸದ ಬಟ್ಟೆಯಲ್ಲಿ ಯಾರೂ ಹೊರಹೋಗಕೂಡದು, ಬಟ್ಟೆ ಕೊಡವಿ ದೂಳು ಹಾರಿಸಲೂಬಾರದು. ನಮ್ಮವರಂತೂ ಕಂಪ್ರೆಸರ್ ಗಾಳಿಯಿಂದಲೇ ಅಂಗಿ ಊದಿಕೊಳ್ಳುತ್ತಿದ್ದರು.

ಗೋಡೆ ಒಡೆದು ಕೋಣೆಯನ್ನು ಮೂರು ಮಾಡಿಸಿದೆವು. ಮೊದಲನೆಯದರಲ್ಲಿ ಕೊಳೆ ಬಟ್ಟೆ, ನಡುವೆ ಸ್ನಾನ, ಆಚೆಗೆ ಮನೆಯ ಬಟ್ಟೆಯ ಲಾಕರ್. ಟಿಫನ್ ಡಬ್ಬಿಗಳು ಯಂತ್ರದ ಪಕ್ಕದಿಂದ ಊಟದ ಕೋಣೆಗೆ ಹೋದವು. ಅಂಗಿ ಒಗೆಯುವ ಹೊಣೆ ಕಾರ್ಖಾನೆಯದಾಯಿತು. ಇದಕ್ಕೆಲ್ಲ ಆಡಳಿತದವರು ಬೇಗ ಒಪ್ಪಿದರು. ತಿಂಗಳುಗಟ್ಟಲೆ ವಾದ ನಡೆದದ್ದು ಹದಿನೈದು ನಿಮಿಷಕ್ಕೆ. ಸ್ನಾನದ ಹೊತ್ತು ಸಂಬಳದ ಹೊತ್ತಿನೊಳಗೇ ಬರಬೇಕು, ಬಸ್ಸು ಎರಡೂವರೆಗೆ ಹೊರಡಬೇಕು ಎಂದು ನಾನು ಹಟ ಹಿಡಿದೆ. ಅದು ಸಿಕ್ಕಿದ ದಿನವೇ ನೆಲ ಒದ್ದೆಯಾಯಿತು.

“ಇಷ್ಟು ವರ್ಷ ಯಾಕೆ ಹೇಳಲಿಲ್ಲ ಸಾರ್?” ಎಂದು ಆ ಮಗುವಿನ ತಂದೆ ಕೇಳಿದರು. ಬಾಯಿಂದ ಮಾತು ಹೊರಡಲಿಲ್ಲ.

ಗುತ್ತಿಗೆ ಕಾರ್ಮಿಕರಿಗೆ ಲಾಕರ್ ಸಿಗಲು ಮತ್ತೆ ಎಂಟು ತಿಂಗಳು ಹಿಡಿಯಿತು. ಸೀಸದ ಕಿಟ್ಟ ಗುಡಿಸುತ್ತಿದ್ದವರು ಅವರೇ.