ನಾಳೆಯ ರೂಪಾಯಿ

ಇಂದು ಕೈಯಲ್ಲಿರುವ ನೂರು ರೂಪಾಯಿಯೂ ಎರಡು ವರ್ಷಗಳ ಅನಂತರ ಬರಲಿರುವ ನೂರು ರೂಪಾಯಿಯೂ ಸಮಾನವಲ್ಲ. ಶೇಕಡ 10ರ ಚಕ್ರಬಡ್ಡಿಗೆ ತೊಡಗಿಸಿದ 100 ರೂಪಾಯಿ ಎರಡು ವರ್ಷಗಳಲ್ಲಿ 121 ಆಗುತ್ತದೆ. ಆದ್ದರಿಂದ ಅಂದು ಬರುವ 121 ರೂಪಾಯಿಯ ಇಂದಿನ ಬೆಲೆ 100 ಮಾತ್ರ. ಇದನ್ನೇ ಪ್ರಸ್ತುತ ಮೌಲ್ಯವೆನ್ನುವರು.

ನೇಕಾರನೊಬ್ಬನು ಮನೆಯನ್ನು ಅಡವಿಟ್ಟು, 1,00,000 ರೂಪಾಯಿ ಸಾಲ ತಂದು ಹಳೆಯ ಮಗ್ಗವೊಂದನ್ನು ಕೊಳ್ಳಬಯಸಿದನೆನ್ನೋಣ. ಅದು ಖರ್ಚು ಕಳೆದು ಪ್ರತಿ ವರ್ಷದ ಕೊನೆಗೆ 60,000 ರೂಪಾಯಿಯಂತೆ ಎರಡು ವರ್ಷ ಗಳಿಸಿ, ಮೂಲೆ ಸೇರುವುದು. ಇಪ್ಪತ್ತು ಸಾವಿರ ಲಾಭವೆಂದು ಆತನ ಮನಸ್ಸು ಹಿಗ್ಗುವುದು ಸಹಜ. ಆದರೆ ಸಾಲದ ಬಡ್ಡಿ ಶೇಕಡ 10 ಆದರೆ, ಮೊದಲ ವರ್ಷದ ಗಳಿಕೆಯನ್ನು 1.10ರಿಂದಲೂ ಎರಡನೆಯದನ್ನು 1.21ರಿಂದಲೂ ಭಾಗಿಸಿ ಕೂಡಿಸಬೇಕು. ಮೊತ್ತ 1,04,132, ಲಾಭ ನಾಲ್ಕು ಸಾವಿರಕ್ಕೆ ಇಳಿಯಿತು! ಬಡ್ಡಿ ಶೇಕಡ 15 ಆದರೆ ಮೊತ್ತ 97,543 ಮಾತ್ರ. ಗಳಿಸಿದ್ದೆಲ್ಲವನ್ನೂ ಸಾಲಕ್ಕೇ ಕಟ್ಟಿದರೂ, ಮಗ್ಗ ನಿಂತ ದಿನ 3,250 ರೂಪಾಯಿ ಬಾಕಿ. ಮನೆಯ ಪತ್ರ ಇನ್ನೂ ಸಾಲಿಗನ ಪೆಟ್ಟಿಗೆಯಲ್ಲಿ.

ಈ ಲೆಕ್ಕದಲ್ಲಿ 60,000 ಎಂಬುದೂ ಒಂದು ಊಹೆಯೇ. ಬಡ್ಡಿಯ ತತ್ವವನ್ನು 1930ರ ತಮ್ಮ ಗ್ರಂಥದಲ್ಲಿ ವಿಶದಪಡಿಸಿದ ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್, ಷೇರುಗಳ ಬೆಲೆ ಇಳಿಯದೆಂದು ನಂಬಿ, 1929ರ ಕುಸಿತದಲ್ಲಿ ತಮ್ಮ ಸಂಪತ್ತನ್ನೇ ಕಳೆದುಕೊಂಡಿದ್ದರು.