ದುಡಿಯುವ ಕೈಗೆ ಅನುಮತಿಯೂ ಬೇಕು: ರೋಹಿಂಗ್ಯಾ ಶಿಬಿರಗಳಿಂದ ಒಂದು ಪಾಠ

ಉತ್ಪಾದನೆಗೆ ಭೂಮಿ, ಶ್ರಮ, ಬಂಡವಾಳ, ಸಂಘಟನೆ ಎಂಬ ನಾಲ್ಕು ಅಂಗಗಳು ಬೇಕೆಂದು ಹೈಸ್ಕೂಲಿನಿಂದಲೂ ಬಾಯಿಪಾಠ ಮಾಡುತ್ತಾ ಬಂದಿದ್ದೇವೆ. ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯಾದ ನಾನು ಈ ನಾಲ್ಕನ್ನೂ ಬಾಂಗ್ಲಾದೇಶದಲ್ಲಿರುವ ರೋಹಿಂಗ್ಯಾ ನಿರಾಶ್ರಿತರ ಬದುಕಿಗೆ ಅನ್ವಯಿಸಿ ನೋಡಿದೆ. "ಎಷ್ಟು ವರ್ಷ ಅಂತ ಬೇರೆಯವರು ಕೊಟ್ಟಿದ್ದನ್ನೇ ತಿನ್ನುವುದು? ಸ್ವಂತ ಕಾಲ ಮೇಲೆ ನಿಲ್ಲಬಾರದೇ?" ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ರೋಹಿಂಗ್ಯಾಗಳು ಮ್ಯಾನ್ಮಾರ್‌ನ ರಾಖೈನ್ ಪ್ರಾಂತ್ಯದವರು. ಅಲ್ಲಿನ 1982ರ ಪೌರತ್ವ ಕಾನೂನಿನಡಿ ಅವರಲ್ಲಿ ಬಹುಪಾಲು ಜನ ಯಾವ ದೇಶದ ಪ್ರಜೆಗಳೂ ಅಲ್ಲದವರಾದರು. 2017ರ ಆಗಸ್ಟ್ 25ರಂದು ಶುರುವಾದ ಸೇನಾ ದಾಳಿಗೆ ಹೆದರಿ, ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಕಾಕ್ಸ್ ಬಜಾರ್ ಜಿಲ್ಲೆಗೆ ಬಂದರು. ಈಗ ಅಲ್ಲಿ 10 ಲಕ್ಷಕ್ಕೂ ಹೆಚ್ಚು ನಿರಾಶ್ರಿತರಿದ್ದಾರೆ. ಕುಟುಪಲಾಂಗ್ ಜಗತ್ತಿನ ಅತಿ ದೊಡ್ಡ ನಿರಾಶ್ರಿತರ ಶಿಬಿರವೆಂದು ಹೆಸರಾಗಿದೆ. ಬಡತನವಿದ್ದರೂ ಬಾಂಗ್ಲಾದೇಶ ಇಷ್ಟು ಜನರಿಗೆ ಜಾಗ ಕೊಟ್ಟಿದ್ದನ್ನು ಮರೆಯಬಾರದು.

ಈಗ ನಾಲ್ಕು ಅಂಗಗಳನ್ನು ಒಂದೊಂದಾಗಿ ನೋಡೋಣ.

1. ಭೂಮಿ: ಅವರ ಹೆಸರಿನಲ್ಲಿ ಒಂದಡಿ ನೆಲವೂ ಇಲ್ಲ. ಗುಡ್ಡ ಕಡಿದು ಮಾಡಿದ ಜಾಗದಲ್ಲಿ ಬಿದಿರು ಮತ್ತು ಟಾರ್ಪಾಲಿನ ಗುಡಿಸಲುಗಳು. 2021ರ ಮಾರ್ಚ್‌ನ ಒಂದೇ ಬೆಂಕಿಯಲ್ಲಿ ಸುಮಾರು 45,000 ಜನರ ನೆಲೆ ಹೋಯಿತು. ಆದರೂ ಗುಡಿಸಲಿನ ಸೂರಿನ ಮೇಲೆ ಸೋರೆ, ಕುಂಬಳದ ಬಳ್ಳಿ ಹಬ್ಬಿಸುತ್ತಾರೆ. ಚೀಲದಲ್ಲಿ ಮಣ್ಣು ತುಂಬಿ ಸೊಪ್ಪು ಬೆಳೆಯುತ್ತಾರೆ.

2. ಶ್ರಮ: ಇದಕ್ಕೆ ಕೊರತೆಯೇ ಇಲ್ಲ. ಶಿಬಿರ ಎದ್ದದ್ದು ಕಾಡಾನೆಗಳು ಓಡಾಡುವ ದಾರಿಯಲ್ಲಿ. ಆರಂಭದ ತಿಂಗಳುಗಳಲ್ಲೇ ಹತ್ತಕ್ಕೂ ಹೆಚ್ಚು ಜನ ಆನೆ ದಾಳಿಗೆ ಬಲಿಯಾದರು. ಆಗ ನಿರಾಶ್ರಿತರಿಗೇ ತರಬೇತಿ ಕೊಟ್ಟು ಆನೆ ಕಾವಲು ತಂಡಗಳನ್ನು ಕಟ್ಟಲಾಯಿತು. ಕಾವಲು ಗೋಪುರಗಳ ಮೇಲೆ ರಾತ್ರಿ ಎಚ್ಚರವಿದ್ದು, ಆನೆಗೂ ಜನರಿಗೂ ಪೆಟ್ಟಾಗದಂತೆ ಅದನ್ನು ಕಾಡಿಗೆ ತಿರುಗಿಸುವುದು ಅವರ ಕೆಲಸ. ಬೆಂಕಿ ಆರಿಸಲು, ಮನೆಮನೆಗೆ ಆರೋಗ್ಯದ ಮಾಹಿತಿ ತಲುಪಿಸಲು ಕೂಡ ಇಂಥದೇ ಸ್ವಯಂಸೇವಕರಿದ್ದಾರೆ. ಆದರೆ ಶಿಬಿರದ ಹೊರಗೆ ಹೋಗಿ ದುಡಿಯಲು ಅವರಿಗೆ ಕಾನೂನಿನ ಅನುಮತಿಯಿಲ್ಲ.

3. ಬಂಡವಾಳ: ಗುರುತಿನ ದಾಖಲೆ ಇಲ್ಲದೆ ಬ್ಯಾಂಕ್ ಖಾತೆ ಇಲ್ಲ, ಖಾತೆ ಇಲ್ಲದೆ ಸಾಲವಿಲ್ಲ. ಕೈಯಲ್ಲಿರುವುದು ಪಡಿತರ ಮಾತ್ರ. ವಿಶ್ವ ಆಹಾರ ಕಾರ್ಯಕ್ರಮ ಕೊಡುತ್ತಿದ್ದ ತಲಾ 12 ಡಾಲರ್, 2023ರ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ಐದು ಜನರ ಕುಟುಂಬಕ್ಕೆ ಲೆಕ್ಕ ಹಾಕಿ: ತಿಂಗಳಿಗೆ 60 ಡಾಲರ್ ಇದ್ದದ್ದು 40 ಆಯಿತು. 2024ರಲ್ಲಿ ಮತ್ತೆ ಏರಿತು. 2025ರಲ್ಲಿ 6 ಡಾಲರಿಗೆ ಇಳಿಸುವ ಸೂಚನೆ ಬಂದು, ಕೊನೆ ಗಳಿಗೆಯಲ್ಲಿ ಹಣ ಸಿಕ್ಕಿ ತಪ್ಪಿತು. ಮುಂದಿನ ತಿಂಗಳ ಊಟವೇ ಗೊತ್ತಿಲ್ಲದವರು ಉಳಿತಾಯ ಮಾಡುವುದು ಹೇಗೆ?

4. ಸಂಘಟನೆ: ತರಕಾರಿ, ಚಹಾ, ಮೊಬೈಲ್ ರಿಪೇರಿ ಅಂತ ಶಿಬಿರದೊಳಗೆ ಅಂಗಡಿಗಳು ತಾವಾಗಿಯೇ ಹುಟ್ಟಿಕೊಂಡವು. ಇಷ್ಟು ಕಷ್ಟದಲ್ಲೂ ವ್ಯಾಪಾರದ ಬುದ್ಧಿ ಸತ್ತಿರಲಿಲ್ಲ. ಆದರೆ 2021ರ ಕೊನೆಯಿಂದ, ಅನುಮತಿ ಇಲ್ಲವೆಂಬ ಕಾರಣಕ್ಕೆ ಅಧಿಕಾರಿಗಳು ಸಾವಿರಾರು ಅಂಗಡಿಗಳನ್ನು ಕೆಡವಿದರು.

ಇದರಿಂದ ತಿಳಿಯುವುದೇನು?

ನಾಲ್ಕು ಅಂಗಗಳಲ್ಲಿ ಎರಡು, ಅಂದರೆ ಶ್ರಮ ಮತ್ತು ಸಂಘಟನೆ, ಅವರ ಬಳಿ ಧಾರಾಳವಾಗಿವೆ. ಕೊರತೆ ಇರುವುದು ನಮ್ಮ ಪಟ್ಟಿಯಲ್ಲಿ ಇಲ್ಲದ ಐದನೆಯದಕ್ಕೆ: ಅನುಮತಿ. ಹೊಲಿಗೆ ಕಲಿಸಿದರೆ ಸಾಲದು, ಹೊಲಿದದ್ದನ್ನು ಮಾರಲು ಬಿಡಬೇಕು. ಓದಿನ ಕಥೆಯೂ ಹೀಗೆಯೇ. 2021ರ ಕೊನೆಯಿಂದ ಮಕ್ಕಳಿಗೆ ಮ್ಯಾನ್ಮಾರ್ ಪಠ್ಯಕ್ರಮ ಕಲಿಸಲಾಗುತ್ತಿದೆ. ನಮ್ಮ ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ ಮತ್ತು ಇಂಗ್ಲಿಷ್. ಅಲ್ಲಿನ ಮಕ್ಕಳೂ ಮನೆಯಲ್ಲಿ ರೋಹಿಂಗ್ಯಾ ಮಾತಾಡಿ ಬರ್ಮೀಸ್ ಭಾಷೆಯಲ್ಲಿ ಪಾಠ ಕಲಿಯುತ್ತಾರೆ. ವ್ಯತ್ಯಾಸ ಒಂದೇ: ನನ್ನ ಅಂಕಪಟ್ಟಿಗೆ ಬೆಲೆಯಿದೆ, ಅವರ ಕಲಿಕೆಗೆ ಮಾನ್ಯತೆ ಪಡೆದ ಪ್ರಮಾಣಪತ್ರವೇ ಇಲ್ಲ.

"ಅವರಿಗೆ ಕೆಲಸ ಕೊಟ್ಟರೆ ಸ್ಥಳೀಯರ ಗತಿ ಏನು?" ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಉಖಿಯಾ ಮತ್ತು ಟೆಕ್ನಾಫ್‌ನಲ್ಲಿ ಊರಿನವರಿಗಿಂತ ನಿರಾಶ್ರಿತರೇ ಹೆಚ್ಚು. ಆದರೆ ನನ್ನ ಪ್ರಕಾರ, ಕದ್ದುಮುಚ್ಚಿ ದುಡಿಯುವವನು ಅರ್ಧ ಕೂಲಿಗೂ ಒಪ್ಪುತ್ತಾನೆ, ಏಕೆಂದರೆ ದೂರು ಕೊಡಲು ಅವನಿಗೆ ಜಾಗವಿಲ್ಲ. ಇದರಿಂದ ಸ್ಥಳೀಯರ ಕೂಲಿಯೂ ಬೀಳುತ್ತದೆ. ಪರವಾನಗಿ ಕೊಟ್ಟು ಕನಿಷ್ಠ ಕೂಲಿ ಗೊತ್ತುಮಾಡಿದರೆ ಇಬ್ಬರಿಗೂ ರಕ್ಷಣೆ. ಆಫ್ರಿಕಾದ ಉಗಾಂಡಾ 2006ರ ಕಾಯ್ದೆಯಲ್ಲಿ ನಿರಾಶ್ರಿತರಿಗೆ ದುಡಿಯುವ ಹಕ್ಕು ಕೊಟ್ಟಿದೆ, ವಸತಿ ಪ್ರದೇಶಗಳಲ್ಲಿ ಬೇಸಾಯಕ್ಕೆ ತುಂಡು ಭೂಮಿಯನ್ನೂ ಕೊಡುತ್ತದೆ. ಆದರೆ ಅಲ್ಲಿಯೂ ಪಡಿತರ ಕಡಿತವಾದಾಗ ಜನ ಹಸಿದರು. ಹಾಗಾಗಿ ಸ್ವಾವಲಂಬನೆಯ ಹೆಸರಿನಲ್ಲಿ ಮೊದಲು ನೆರವು ನಿಲ್ಲಿಸುವುದು ಸರಿಯಲ್ಲ. ಮೊದಲು ದುಡಿಯಲು ಬಿಡಬೇಕು, ಗಳಿಕೆ ನಿಂತ ಮೇಲೆ ನೆರವನ್ನು ನಿಧಾನವಾಗಿ ಇಳಿಸಬೇಕು.

ನಮ್ಮ ಮನೆಯಲ್ಲಿ ಹಿರಿಯರು 'ಖುದ್ದಾರಿ' ಎಂಬ ಮಾತು ಆಡುತ್ತಾರೆ. ಸ್ವಾಭಿಮಾನ ಎಂದರ್ಥ. ಸೂರಿನ ಮೇಲೆ ಕುಂಬಳ ಬೆಳೆಯುವವರಿಗೆ, ರಾತ್ರಿಯಿಡೀ ಆನೆ ಕಾಯುವವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ತರಗತಿಯಲ್ಲಿ ಚರ್ಚಿಸಲು:
1. ಪಡಿತರ 12ರಿಂದ 8 ಡಾಲರಿಗೆ ಇಳಿದರೆ ಶೇಕಡಾ ಎಷ್ಟು ಕಡಿತ? ಕುಟುಂಬ ಮೊದಲು ಯಾವ ಖರ್ಚು ಬಿಡುತ್ತದೆ?
2. ಶಿಬಿರದಲ್ಲಿ ಅಂಗಡಿ ಇಡಲು ಪರವಾನಗಿ ಕೊಡುವುದಾದರೆ ನೀವು ಯಾವ ನಿಯಮ ಮಾಡುತ್ತೀರಿ?
3. ಶಿಬಿರದ ಕೆಲಸದಿಂದ ಊರಿನವರಿಗೂ ಲಾಭವಾಗುವಂಥ ಒಂದು ಉದ್ಯಮ ಸೂಚಿಸಿ.